ಗೇರಿಲ್ಲದ ಚಕ್ರ, ಮರುಸುತ್ತಿದ ಮೋಟರು

ಮೋಟರಿನ ತಿರುಗುವ ಭಾಗಕ್ಕೇ ಚಕ್ರ ಕೂರಿಸಿ, ನಡುವೆ ಗೇರು, ಬೆಲ್ಟು, ಚೈನು ಯಾವುದೂ ಇಲ್ಲದೆ ಓಡಿಸುವ ವ್ಯವಸ್ಥೆಯೇ ಡೈರೆಕ್ಟ್ ಡ್ರೈವ್. ರೋಬೋಗಳ ಮಟ್ಟಿಗೆ ಇದು ಹಳೆಯ ವಿಚಾರ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಹರುಹಿಕೊ ಅಸಾಡ ಮತ್ತು ಟಕೇಯೊ ಕನಾಡೆ 1981ರಲ್ಲೇ ಗೇರಿಲ್ಲದ ರೋಬೋ ತೋಳನ್ನು ಕಟ್ಟಿದ್ದರು. ಅದಕ್ಕೆ ಬೇಕಿದ್ದ ಮೋಟರುಗಳು ದೊಡ್ಡವು, ದುಬಾರಿಯವು. ಡ್ರೋನು ಮತ್ತು ಕ್ಯಾಮೆರಾ ಗಿಂಬಲ್‌ಗಳಿಗಾಗಿ ತಯಾರಾಗುವ ಪುಟ್ಟ ಬ್ರಷ್‌ಲೆಸ್ ಮೋಟರುಗಳು ಅಗ್ಗವಾದ ಮೇಲೆ ಈ ವಿದ್ಯೆ ಕಾಲೇಜು ತಂಡಗಳ ಕೈಗೂ ಬಂತು.

ಇದರ ಲಾಭ ಚೆನ್ನಾಗಿ ಕಾಣುವುದು ರೋಬೋಕಪ್‌ನ ಸ್ಮಾಲ್ ಸೈಜ್ ಲೀಗಿನಂಥ ಕಡೆ. 1997ರಲ್ಲಿ ಜಪಾನಿನ ನಗೋಯಾದಲ್ಲಿ ಶುರುವಾದ ರೋಬೋಕಪ್‌ನ ಈ ವಿಭಾಗದಲ್ಲಿ ರೋಬೋಗಳು ಗಾಲ್ಫ್ ಚೆಂಡಿನಲ್ಲಿ ಫುಟ್‌ಬಾಲ್ ಆಡುತ್ತವೆ. ಪ್ರತಿ ರೋಬೋ 18 ಸೆಂ.ಮೀ. ವ್ಯಾಸ, 15 ಸೆಂ.ಮೀ. ಎತ್ತರದ ಸಿಲಿಂಡರಿನೊಳಗೆ ಹಿಡಿಯಬೇಕು. ಸಾಮಾನ್ಯವಾಗಿ ಎಲ್ಲ ದಿಕ್ಕಿಗೂ ಜಾರಬಲ್ಲ ನಾಲ್ಕು ಓಮ್ನಿ ಚಕ್ರ, ಅವಕ್ಕೆ ನಾಲ್ಕು ಮೋಟರು, ಚೆಂಡು ಒದೆಯುವ ಸಾಧನ, ಬ್ಯಾಟರಿ, ಸರ್ಕ್ಯೂಟು ಎಲ್ಲವೂ ಅಷ್ಟರಲ್ಲೇ ಸೇರಬೇಕು. ಅಲ್ಲಿ ಗೇರ್‌ಬಾಕ್ಸು ತಿನ್ನುವ ಒಂದೊಂದು ಮಿಲಿಮೀಟರೂ ದುಬಾರಿ.

ಗೇರಿನ ಕೆಲಸ ವೇಗ ತಗ್ಗಿಸಿ ಟಾರ್ಕ್, ಅಂದರೆ ತಿರುಗಿಸುವ ಬಲ, ಹೆಚ್ಚಿಸುವುದು. ಆದರೆ ಅದು ಪುಕ್ಕಟೆಯಲ್ಲ. ಹಲ್ಲುಗಳ ನಡುವಿನ ಸಡಿಲದಿಂದ ಚಕ್ರದ ದಿಕ್ಕು ಬದಲಾಗುವಾಗ ನಿಯಂತ್ರಣ ಒಂದು ಕ್ಷಣ ಕೈತಪ್ಪುತ್ತದೆ. ಘರ್ಷಣೆಯಲ್ಲಿ ಶಕ್ತಿ ಸೋರುತ್ತದೆ, ಸದ್ದು ಬೇರೆ. ಎಲ್ಲಕ್ಕಿಂತ ಮುಖ್ಯವಾಗಿ, ಮೋಟರಿನ ಜಡತ್ವ ಗೇರ್ ಅನುಪಾತದ ವರ್ಗದಷ್ಟು ಹಿಗ್ಗಿ ಚಕ್ರದ ಮೇಲೆ ಬರುತ್ತದೆ: 20:1 ಗೇರಿದ್ದರೆ 400 ಪಟ್ಟು. ಎದುರಾಳಿಗೆ ಢಿಕ್ಕಿ ಹೊಡೆದಾಗ ಆ ಪೆಟ್ಟೆಲ್ಲ ಗೇರಿನ ಒಂದೆರಡು ಹಲ್ಲಿನ ಮೇಲೆ ಬಿದ್ದು ಅವು ಮುರಿಯುತ್ತವೆ. ಗೇರು ತೆಗೆದರೆ ಈ ತೊಂದರೆಗಳೂ ಹೋಗುತ್ತವೆ. ಮೋಟರಿಗೆ ಹರಿಯುವ ಕರೆಂಟು ನೋಡಿಯೇ ಚಕ್ರದ ಮೇಲೆ ಎಷ್ಟು ಬಲ ಬೀಳುತ್ತಿದೆ ಎಂದು ತಿಳಿಯಬಹುದು. ಪ್ರತಿಯಾಗಿ, ಗೇರು ಕೊಡುತ್ತಿದ್ದ ಟಾರ್ಕನ್ನು ಮೋಟರೇ ಹುಟ್ಟಿಸಬೇಕು.

ಎಷ್ಟು ಬೇಕು ಎಂಬ ಲೆಕ್ಕ ಕಷ್ಟದ್ದಲ್ಲ. ರೋಬೋದ ತೂಕ ಎರಡೂವರೆ ಕಿಲೋ, ಚಕ್ರದ ವ್ಯಾಸ 56 ಮಿ.ಮೀ., ಚಕ್ರಗಳು ಓಟದ ದಿಕ್ಕಿಗೆ 45 ಡಿಗ್ರಿ ಓರೆ ಎಂದು ಹಿಡಿದರೆ, ಒಂದೊಂದು ಮೋಟರೂ 0.09 ನ್ಯೂಟನ್-ಮೀಟರ್ ಟಾರ್ಕ್ ಕೊಟ್ಟಾಗ ರೋಬೋದ ವೇಗ ಪ್ರತಿ ಸೆಕೆಂಡಿಗೆ ಸುಮಾರು ಮೂರೂವರೆ ಮೀಟರಿನಂತೆ ಏರುತ್ತದೆ. ಚಕ್ರದ ಅಂಚು ಸೆಕೆಂಡಿಗೆ 3 ಮೀಟರ್ ಉರುಳಬೇಕಾದರೆ ಮೋಟರು ನಿಮಿಷಕ್ಕೆ ಸುಮಾರು 1,020 ಸುತ್ತು ತಿರುಗಿದರೆ ಸಾಕು.

ಡ್ರೋನ್ ಮೋಟರಿನ ಗುಣ ಇದಕ್ಕೆ ತದ್ವಿರುದ್ಧ. ಸಾಮಾನ್ಯವಾಗಿ ಸಿಗುವ 2212 ಮೋಟರಿನ ಸ್ಟೇಟರ್, ಅಂದರೆ ತಂತಿ ಸುತ್ತಿದ ಸ್ಥಿರ ಭಾಗ, 22 ಮಿ.ಮೀ. ವ್ಯಾಸ, 12 ಮಿ.ಮೀ. ಎತ್ತರದ್ದು; ಅದರ ಒಂದು ಮಾದರಿಯ ಮೇಲೆ ಬರೆದಿರುವ ಕೆವಿ ಅಂಕಿ 920. ಅಂದರೆ ಹೊರೆಯಿಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ 920 ಸುತ್ತು. ಒಂದು ಆಂಪ್ ಕರೆಂಟಿಗೆ ಎಷ್ಟು ಟಾರ್ಕ್ ಬರುತ್ತದೆಂದು ತಿಳಿಯಲು 9.55 ಅನ್ನು ಕೆವಿಯಿಂದ ಭಾಗಿಸಬೇಕು. ಇಲ್ಲಿ ಬರುವುದು 0.0104 ನ್ಯೂಟನ್-ಮೀಟರ್. ಬೇಕಾದ 0.09ಕ್ಕೆ 8.65 ಆಂಪ್ ಹರಿಸಬೇಕು. ಸುತ್ತಿದ ತಂತಿಯ ರೋಧ 0.1 ಓಮ್ ಇದ್ದರೆ ಏಳೂವರೆ ವಾಟ್ ಬರೀ ಶಾಖವಾಗಿ ಹೋಗುತ್ತದೆ.

ಹೆಚ್ಚು ಸುತ್ತು ಹಾಕಿ ಕೆವಿ ಇಳಿಸಿದರೆ ಶಾಖವೂ ಇಳಿಯುತ್ತದೆ ಎಂಬ ನಂಬಿಕೆ ವಿದ್ಯಾರ್ಥಿಗಳಲ್ಲಿ ಸಾಮಾನ್ಯ. ಲೆಕ್ಕ ಅದನ್ನು ಒಪ್ಪುವುದಿಲ್ಲ. ಸುತ್ತುಗಳನ್ನು 9 ಪಟ್ಟು ಮಾಡಿದರೆ ಕೆವಿ 102ಕ್ಕೆ ಇಳಿದು, ಕರೆಂಟು 0.96 ಆಂಪ್‌ಗೆ ತಗ್ಗುತ್ತದೆ. ಆದರೆ ತಂತಿ 9 ಪಟ್ಟು ಉದ್ದ, ಅಷ್ಟೇ ಜಾಗದಲ್ಲಿ ಹಿಡಿಯಬೇಕಾದ್ದರಿಂದ ಅದರ ಅಡ್ಡಕೊಯ್ತದ ವಿಸ್ತೀರ್ಣ 9 ಪಟ್ಟು ಸಣ್ಣ. ರೋಧ 81 ಪಟ್ಟಾಗಿ 8.1 ಓಮ್ ಆಗುತ್ತದೆ. ಶಾಖ ಮತ್ತದೇ ಏಳೂವರೆ ವಾಟ್. ಒಂದು ಮೋಟರು ಇಂತಿಷ್ಟು ಶಾಖಕ್ಕೆ ಎಷ್ಟು ಟಾರ್ಕ್ ಕೊಡಬಲ್ಲದು ಎಂಬುದನ್ನು ನಿರ್ಧರಿಸುವುದು ಸ್ಟೇಟರಿನ ಗಾತ್ರ, ತುಂಬಿದ ತಾಮ್ರ, ಅಯಸ್ಕಾಂತದ ಬಲ ಮತ್ತು ಸ್ಟೇಟರಿಗೂ ಅಯಸ್ಕಾಂತಕ್ಕೂ ನಡುವಿನ ಗಾಳಿಯ ಸಂದು. ಸುತ್ತಿನ ಸಂಖ್ಯೆಗೆ ಅಲ್ಲಿ ಪಾತ್ರವಿಲ್ಲ.

ಹಾಗಿದ್ದೂ ಮರುಸುತ್ತುವುದು ವ್ಯರ್ಥವಲ್ಲ. ಅದು ಮೋಟರನ್ನು ಬ್ಯಾಟರಿಗೂ ಡ್ರೈವರ್ ಸರ್ಕ್ಯೂಟಿಗೂ ಹೊಂದಿಸುತ್ತದೆ. 22.2 ವೋಲ್ಟಿನ ಆರು ಸೆಲ್ ಬ್ಯಾಟರಿಯಲ್ಲಿ, 1,020 ಸುತ್ತಿನ ವೇಗಕ್ಕೆ 10 ವೋಲ್ಟ್, ರೋಧ ದಾಟಲು 7.8 ವೋಲ್ಟ್, ಒಟ್ಟು 17.8 ವೋಲ್ಟ್ ಖರ್ಚಾಗಿ ಇನ್ನೂ ಸ್ವಲ್ಪ ಉಳಿಯುತ್ತದೆ. ಒಂಬತ್ತು ಆಂಪಿನ ಬದಲು ಒಂದು ಆಂಪ್ ಎಂದರೆ ಡ್ರೈವರ್ ಚಿಕ್ಕದಾಗುತ್ತದೆ, ತಂತಿ ತೆಳ್ಳಗಾಗುತ್ತದೆ, ನಿಯಂತ್ರಣವೂ ನಯವಾಗುತ್ತದೆ.

ಎಲ್ಲಕ್ಕಿಂತ ಸುಲಭದ ಮಾರ್ಪಾಡು ಸುತ್ತು ಬಿಚ್ಚದೆಯೇ ಆಗುವಂಥದ್ದು. ಮೋಟರಿನ ಮೂರು ಫೇಸುಗಳು ಡೆಲ್ಟಾದಲ್ಲಿ ಜೋಡಣೆಯಾಗಿದ್ದರೆ ಆ ಬೆಸುಗೆ ಬಿಡಿಸಿ ಸ್ಟಾರ್ ಮಾಡಿದರಾಯಿತು, ಕೆವಿ 1.73 ಪಟ್ಟು ಇಳಿಯುತ್ತದೆ. ಅದು ಸಾಲದಾದಾಗ ಮರುಸುತ್ತಬೇಕು. ಮೊದಲು ಹಳೆಯ ಸುತ್ತಿನ ನಕ್ಷೆ ಬರೆದು, ಸ್ಟೇಟರಿನ ಒಂದೊಂದು ಹಲ್ಲಿಗೆ ಎಷ್ಟು ಸುತ್ತು ಎಂದು ಎಣಿಸಿಕೊಂಡು, ಆಮೇಲೆ ತಂತಿ ಕತ್ತರಿಸಿ ತೆಗೆಯುತ್ತಾರೆ. ಸ್ಟೇಟರಿನ ಮೇಲಿನ ಎಪಾಕ್ಸಿ ಲೇಪ ಕೆತ್ತಿಹೋಗಬಾರದು. ಹೋದ ಮೂಲೆಗಳಿಗೆ ಕ್ಯಾಪ್ಟಾನ್ ಎಂಬ ನಿರೋಧಕ ಟೇಪು ಅಂಟಿಸಬೇಕು. ಹಲ್ಲಿಗೆ 12 ಸುತ್ತು ಇದ್ದಲ್ಲಿ 108 ಹಾಕಬೇಕಾದರೆ 26 ಗೇಜಿನ ತಂತಿಯ ಜಾಗಕ್ಕೆ 38 ಗೇಜಿನದು ಬರುತ್ತದೆ: ವ್ಯಾಸ 0.45 ಮಿ.ಮೀ.ನಿಂದ 0.15ಕ್ಕೆ. ತಂತಿ ಸಣ್ಣದಾದಷ್ಟೂ ಎನಾಮಲ್ ಲೇಪವೇ ಹೆಚ್ಚು ಜಾಗ ತಿನ್ನುವುದರಿಂದ ರೋಧ ಲೆಕ್ಕಕ್ಕಿಂತ ತುಸು ಹೆಚ್ಚೇ ಬರುತ್ತದೆ. ಕರ್ನಾಟಕದ ಪೇಟೆಗಳಲ್ಲಿ ಪಂಪ್‌ಸೆಟ್ಟು, ಫ್ಯಾನು ರಿವೈಂಡ್ ಮಾಡುವ ಅಂಗಡಿಗಳಲ್ಲಿ ಎನಾಮಲ್ ತಂತಿ, ವಾರ್ನಿಷ್, ಗೇಜಿನ ಲೆಕ್ಕ ಮೂರೂ ಸಿಗುತ್ತವೆ.

12 ಹಲ್ಲು, 14 ಅಯಸ್ಕಾಂತಗಳ ಮೋಟರಿನಲ್ಲಿ ಪ್ರತಿ ಫೇಸಿಗೂ ನಾಲ್ಕು ಹಲ್ಲು. ಅವು ಎರಡೆರಡರ ಜೋಡಿಯಾಗಿ ಎದುರುಬದುರು ಬರುತ್ತವೆ. ಜೋಡಿಯೊಳಗೆ ಒಂದು ಹಲ್ಲಿಗೆ ಬಲಸುತ್ತು, ಪಕ್ಕದ್ದಕ್ಕೆ ಎಡಸುತ್ತು. ಎದುರಿನ ಜೋಡಿಯಲ್ಲಿ ಈ ಕ್ರಮ ತಿರುಗಮುರುಗ. ಒಂದು ಹಲ್ಲಿನಲ್ಲಿ ದಿಕ್ಕು ತಪ್ಪಿದರೂ ಮೋಟರು ಗುರುಗುಟ್ಟುತ್ತದೆ, ಬಿಸಿಯಾಗುತ್ತದೆ. ಸುತ್ತಿ ಮುಗಿದ ಮೇಲೆ ಮಲ್ಟಿಮೀಟರಿನಲ್ಲಿ ತಂತಿಗೂ ಸ್ಟೇಟರಿನ ಕಬ್ಬಿಣಕ್ಕೂ ಸಂಪರ್ಕ ಇಲ್ಲವೆಂದು, ಮೂರು ತಂತಿಗಳಲ್ಲಿ ಯಾವ ಎರಡರ ನಡುವೆಯೂ ರೋಧ ಒಂದೇ ಎಂದು ಖಚಿತಪಡಿಸಿಕೊಳ್ಳಬೇಕು. ಡ್ರಿಲ್ಲಿಗೆ ಕಚ್ಚಿಸಿ ತಿರುಗಿಸಿದಾಗ ಮೂರೂ ಫೇಸುಗಳಲ್ಲಿ ಹುಟ್ಟುವ ವೋಲ್ಟೇಜು ಸಮವಾಗಿರಬೇಕು. ಕೊನೆಗೆ ವಾರ್ನಿಷ್ ಹಾಕಿದರೆ ಸುತ್ತುಗಳು ಕಂಪನಕ್ಕೆ ಉಜ್ಜಿಹೋಗುವುದಿಲ್ಲ.

ಯಂತ್ರಭಾಗದಲ್ಲಿ ತೊಂದರೆ ಕೊಡುವುದು ಶಾಫ್ಟು. ಡ್ರೋನ್ ಮೋಟರಿನ ಬೇರಿಂಗು ಪ್ರೊಪೆಲ್ಲರಿನ ಎಳೆತಕ್ಕೆ ಮಾಡಿದ್ದು, ಪಕ್ಕದಿಂದ ಬೀಳುವ ರೋಬೋದ ಭಾರಕ್ಕಲ್ಲ. ಆದ್ದರಿಂದ ಚಕ್ರವನ್ನು ಶಾಫ್ಟಿನ ತುದಿಗೆ ನೇತುಹಾಕದೆ, ಹೊರಗೆ ತಿರುಗುವ ರೋಟರಿನ ಬಟ್ಟಲಿಗೇ ಸ್ಕ್ರೂ ಮಾಡಿ, ಸಾಧ್ಯವಾದರೆ ಹೊರಬದಿಯಲ್ಲೂ ಒಂದು ಬೇರಿಂಗಿನ ಆಸರೆ ಕೊಡುತ್ತಾರೆ.

ನಿಧಾನಗತಿಯಲ್ಲಿ ಪೂರ್ಣ ಬಲ ಸಿಗಬೇಕಾದರೆ ರೋಟರಿನ ಸ್ಥಾನ ಡ್ರೈವರಿಗೆ ಪ್ರತಿಕ್ಷಣ ಗೊತ್ತಿರಬೇಕು. ಅದಕ್ಕೆ ಶಾಫ್ಟಿನ ಹಿಂತುದಿಗೆ ಒಂದು ಪುಟ್ಟ ಅಯಸ್ಕಾಂತ ಅಂಟಿಸಿ, ಅದರೆದುರು ಎಎಸ್5600ನಂಥ ಎನ್‌ಕೋಡರ್ ಚಿಪ್ ಕೂರಿಸುತ್ತಾರೆ. ಅದು ಒಂದು ಸುತ್ತನ್ನು 4,096 ಭಾಗವಾಗಿ ಓದುತ್ತದೆ. ಅಯಸ್ಕಾಂತ ನಟ್ಟನಡುವೆ ಕೂರದಿದ್ದರೆ ಸುತ್ತಿಗೊಮ್ಮೆ ಓದು ಓಲಾಡುತ್ತದೆ. ಉಕ್ಕಿನ ಶಾಫ್ಟು ಅಯಸ್ಕಾಂತದ ಕ್ಷೇತ್ರವನ್ನು ಎಳೆದುಕೊಳ್ಳುವುದರಿಂದ ನಡುವೆ ಹಿತ್ತಾಳೆಯ ಅಥವಾ ಪ್ಲಾಸ್ಟಿಕ್ಕಿನ ಹಿಡಿಕೆ ಇಡುವುದು ಒಳ್ಳೆಯದು. ಸಿಂಪಲ್‌ಎಫ್‌ಒಸಿಯಂಥ ಮುಕ್ತ ತಂತ್ರಾಂಶ ಈ ಓದನ್ನು ಹಿಡಿದು ಮೂರು ಫೇಸುಗಳ ಕರೆಂಟನ್ನು ಹದವಾಗಿ ಹಂಚುತ್ತದೆ. ಆದರೂ ಹಲ್ಲು ಮತ್ತು ಅಯಸ್ಕಾಂತ ಒಂದನ್ನೊಂದು ಸೆಳೆಯುವುದರಿಂದ 12 ಹಲ್ಲು, 14 ಅಯಸ್ಕಾಂತಗಳ ಮೋಟರು ಸುತ್ತಿಗೆ 84 ಸಲ ಸಣ್ಣಗೆ ತಡವರಿಸುತ್ತದೆ. ಅದರ ನಕ್ಷೆ ತೆಗೆದು ಎದುರು ಕರೆಂಟು ಕೊಟ್ಟು ತಿದ್ದಬಹುದು.

ಕೊನೆಯ ಮಿತಿ ಶಾಖವೇ. ಪ್ರೊಪೆಲ್ಲರಿನ ಗಾಳಿ ಇಲ್ಲಿಲ್ಲ. ಸಾಮಾನ್ಯ ದರ್ಜೆಯ ನಿಯೋಡಿಮಿಯಮ್ ಅಯಸ್ಕಾಂತ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಲ ಕಳೆದುಕೊಳ್ಳತೊಡಗುತ್ತದೆ. ತಾಮ್ರದ ರೋಧವೂ ಡಿಗ್ರಿಗೆ ಶೇ 0.39ರಂತೆ ಏರುತ್ತದೆ. ಹಾಗಾಗಿ ಮೋಟರನ್ನು ಅಲ್ಯೂಮಿನಿಯಂ ತಟ್ಟೆಗೆ ಬಿಗಿದು, ಸುತ್ತಿನೊಳಗೆ ಥರ್ಮಿಸ್ಟರ್ ಇಟ್ಟು, ಬಿಸಿಯೇರಿದಂತೆ ಕರೆಂಟು ತಗ್ಗಿಸುವ ಏರ್ಪಾಡು ಬೇಕು. ಇಷ್ಟಾಗಿಯೂ ಕಾವು ಇಳಿಯದಿದ್ದರೆ ದೊಡ್ಡ ವ್ಯಾಸದ ಚಪ್ಪಟೆ ಮೋಟರೇ ಪರಿಹಾರ.

ಮೋಟರು ಬಿಚ್ಚುವ ಮುನ್ನ ಸ್ಪರ್ಧೆಯ ನಿಯಮ ಓದಬೇಕು. ಅಮೆರಿಕದಲ್ಲಿ 1992ರಲ್ಲಿ ಶುರುವಾದ ಫಸ್ಟ್ ರೋಬಾಟಿಕ್ಸ್ ಕಾಂಪಿಟಿಷನ್ನಿನಲ್ಲಿ ಮೋಟರಿನ ಒಳಭಾಗ ಮುಟ್ಟುವಂತಿಲ್ಲ. ಇನ್ನು ಭಾರ ಎತ್ತುವ, ಜಿಗಿಯುವ ರೋಬೋಗಳಿಗೆ ಪೂರ್ತಿ ಡೈರೆಕ್ಟ್ ಡ್ರೈವ್ ಸಾಲದು. ಅಲ್ಲಿ ಕಡಿಮೆ ಅನುಪಾತದ ಒಂದೇ ಹಂತ ಸೇರಿಸುತ್ತಾರೆ. ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳ ನಾಲ್ಕು ಕಾಲಿನ ಡಾಗೋ ರೋಬೋದಲ್ಲಿ 3:1 ಬೆಲ್ಟು, ಎಂಐಟಿಯ ಮಿನಿ ಚೀತಾದಲ್ಲಿ 6:1 ಗೇರು ಇವೆ. ಅನುಪಾತ ಇಷ್ಟು ಸಣ್ಣದಿರುವಾಗ ಗೇರಿನ ದೋಷಗಳು ಹತೋಟಿಯಲ್ಲೇ ಇರುತ್ತವೆ, ಮೋಟರಿನ ಮೇಲಿನ ಹೊರೆಯೂ ಅಷ್ಟರಮಟ್ಟಿಗೆ ಇಳಿಯುತ್ತದೆ.