ಚಿನ್ನದ ತ್ರಿಕೋನ

ದುಬಾರಿ ಪ್ರೊಸೆಸರ್ ಕೊಳ್ಳುವುದರಲ್ಲಿ ಏನಿದೆ ಮಜಾ? ದುಡ್ಡು ಎಣಿಸಿಕೊಟ್ಟರೆ ಮುಗಿಯಿತು. ಇದ್ದ ಬೋರ್ಡನ್ನು ಉಳಿಸಿಕೊಂಡು, ಇದ್ದ ರ‍್ಯಾಮಿಗೊಂದು ಜೊತೆ ಹುಡುಕಿ, ಎಲ್ಲಕ್ಕೂ ಕೂಡಿಬರುವ ಒಂದು ಚಿಪ್ಪನ್ನು ಆರಿಸುವುದಿದೆಯಲ್ಲ, ಅದರ ರುಚಿಯೇ ಬೇರೆ. ಹೊಳೆನರಸೀಪುರದ ಭಾವನ ಡಿಟಿಪಿ ಅಂಗಡಿಯಲ್ಲಿ ಮೊನ್ನೆ ಅರ್ಧ ದಿನ ಕೂತು ಆ ರುಚಿಯನ್ನು ಚಪ್ಪರಿಸಿ ಬಂದೆ.

ಅಂಗಡಿಯ ಕಂಪ್ಯೂಟರ್ 2018ರದು. ಒಳಗಿರುವುದು ರೈಜನ್ 3 2200ಜಿ, ನಾಲ್ಕು ಕೋರಿನ ಬಡಪಾಯಿ. ಅರಕಲಗೂಡಿನ ಲಗ್ನಪತ್ರಿಕೆ, ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರಿಗಳ ಬಿಲ್ ಪುಸ್ತಕ, ತಿಥಿ ಕಾರ್ಡು, ಎಲ್ಲವನ್ನೂ ಇಷ್ಟು ವರ್ಷ ಮರುಮಾತಿಲ್ಲದೆ ಮಾಡಿಕೊಟ್ಟಿದೆ. ಆದರೆ ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು, 11ರ ಪಟ್ಟಿಯಲ್ಲಿ ಈ ಚಿಪ್ಪಿನ ಹೆಸರಿಲ್ಲ. 'ಹೊಸದೇ ತಗೊಂಬಿಡ್ಲಾ?' ಅಂದ ಭಾವ. ಪಕ್ಕದ ತಗಡು ಬಿಚ್ಚಿ ಧೂಳು ಊದಿದೆ. ಬೋರ್ಡಿನ ಮೇಲೆ ಬಿ450 ಎಂಬ ಅಚ್ಚು ಕಂಡಿತು. ಬೇಡ ಭಾವ ಅಂದೆ.

ಆ ಬೋರ್ಡಿನ ಎಎಂ4 ಎಂಬ ಸಾಕೆಟ್ಟನ್ನು ಹೊಗಳದೆ ಮುಂದೆ ಹೋಗಲಾರೆ. 2016ರಲ್ಲಿ ಬಂದದ್ದು. 1331 ಸೂಜಿತೂತು. ಇಂಟೆಲ್‌ನವರ ಮನೆಯಲ್ಲಿ ಎರಡು ಮೂರು ತಲೆಮಾರಿಗೊಮ್ಮೆ ಹೊಸಿಲೇ ಬದಲಾಗುತ್ತದೆ. ಇಲ್ಲಿ ಮೊದಲ ರೈಜನ್ ದಾಟಿದ ಹೊಸಿಲನ್ನೇ ಐದು ಸಾವಿರದ ಸರಣಿಯೂ ದಾಟಿತು. ಹಳೇ ಬೋರ್ಡಿನ ಬಯಾಸ್ ಹೊಸದು ಮಾಡಿದರಾಯಿತು, ಹೊಸ ಚಿಪ್ಪನ್ನು ಗುರುತು ಹಿಡಿಯುತ್ತದೆ.

ಇನ್ನು ಆಯ್ಕೆ. 5600 ಎನ್ನುವುದೊಂದಿದೆ, 5600ಜಿ ಎನ್ನುವುದೊಂದಿದೆ. ಎರಡಕ್ಕೂ ಆರು ಕೋರು, ಹನ್ನೆರಡು ಎಳೆ, 65 ವ್ಯಾಟ್. ಮೊದಲನೆಯದಕ್ಕೆ 32 ಎಂಬಿ ಕ್ಯಾಶ್, ಎರಡನೆಯದಕ್ಕೆ ಅದರರ್ಧ. ಅಂಕಿ ನೋಡಿ ಮರುಳಾದವರು 5600 ತಂದು ಜೋಡಿಸಿ, ಸ್ವಿಚ್ ಒತ್ತಿ, ಕಪ್ಪು ಪರದೆ ನೋಡುತ್ತ ಕೂರುತ್ತಾರೆ. ಅದರಲ್ಲಿ ಚಿತ್ರ ಮೂಡಿಸುವ ಭಾಗವೇ ಇಲ್ಲ, ಬೇರೆ ಗ್ರಾಫಿಕ್ಸ್ ಕಾರ್ಡು ಬೇಕು. ಭಾವನ ಅಂಗಡಿಗೆ ಆ ಪುಟ್ಟ 'ಜಿ' ಅಕ್ಷರವೇ ಲಕ್ಷ್ಮಿ. ಚಿಪ್ಪಿನೊಳಗಿನ ಗ್ರಾಫಿಕ್ಸ್ ರ‍್ಯಾಮಿನಿಂದಲೇ ತನ್ನ ಪಾಲು ತೆಗೆದುಕೊಳ್ಳುವುದರಿಂದ ಒಂಟಿ ರ‍್ಯಾಮು ಸಾಲದು. ಇದ್ದ ಎಂಟು ಜಿಬಿಗೆ ಅದೇ ವೇಗದ ಇನ್ನೊಂದು ಎಂಟು. ಎಸ್‌ಎಸ್‌ಡಿಯಲ್ಲೂ ಪಿಸಿಐಇ ಜೆನ್ 4ಕ್ಕೆ ಆಸೆಪಡಬಾರದು. ಈ ಚಿಪ್ಪು, ಈ ಬೋರ್ಡು ಎರಡೂ ಜೆನ್ 3ರ ದಾರಿಯವು. ಹೆಚ್ಚಿಗೆ ಕೊಟ್ಟ ಕಾಸು ಹೇಮಾವತಿಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಹಾಸನದಲ್ಲಿ ಬೆಳಗಿನ ರೈಲು ಹತ್ತಿ, ಚನ್ನರಾಯಪಟ್ಟಣದ ತೆಂಗಿನ ತೋಟ, ಶ್ರವಣಬೆಳಗೊಳದ ಬೆಟ್ಟ ನೋಡಿಕೊಂಡು ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದೆ. ಸದರ್ ಪತ್ರಪ್ಪನವರ ಹೆಸರಿನ ಆ ಇಕ್ಕಟ್ಟು ರಸ್ತೆಯಲ್ಲಿ ನನ್ನ ಮಟ್ಟಿಗೆ ಸೀರೆ ಅಂಗಡಿಯ ಸಡಗರವಿದೆ. ಕೊಂಡ 5600ಜಿಯ ಡಬ್ಬಿಯ ಪಕ್ಕದ ಕಿಂಡಿಯಲ್ಲಿ ಚಿಪ್ಪಿನ ಬೆಳ್ಳಿಬಣ್ಣದ ನೆತ್ತಿ ಇಣುಕುತ್ತಿತ್ತು.

ಭಾವನ ಅಂಗಡಿಗೆ ಮರಳಿದ ಮೇಲೆ ಮೊದಲು ಬಯಾಸ್. ಅದನ್ನು ಬದಲಿಸುವ ಕೆಲಸವನ್ನು ಹಳೇ ಚಿಪ್ಪು ಕೂತಿರುವಾಗಲೇ ಮುಗಿಸಬೇಕು, ನಡುವೆ ಕರೆಂಟು ಹೋದರೆ ಬೋರ್ಡಿಗೆ ತಿಥಿ. ಯುಪಿಎಸ್ಸಿನ ಹಸಿರು ದೀಪವನ್ನು ದೇವರ ದೀಪದಂತೆ ನೋಡುತ್ತ ಐದು ನಿಮಿಷ ಕಳೆದೆವು. ಆಮೇಲೆ ಹಳೇ ಕೂಲರ್. ಹಿಂದೊಮ್ಮೆ ಅದನ್ನು ಸೀದಾ ಮೇಲಕ್ಕೆ ಕಿತ್ತು, ಒಣಗಿದ ಪೇಸ್ಟಿಗೆ ಅಂಟಿದ ಚಿಪ್ಪೂ ಜೊತೆಗೇ ಎದ್ದು ಬಂದು, ಬಾಗಿದ ಕಡ್ಡಿಗಳನ್ನು ಸೀಸದಕಡ್ಡಿ ತೆಗೆದ ಪೆನ್ಸಿಲಿನ ತುದಿಯಲ್ಲಿ ಒಂದೊಂದಾಗಿ ನೆಟ್ಟಗೆ ಮಾಡಿದವನು ನಾನು. ಈ ಸಲ ಯಂತ್ರವನ್ನು ಹತ್ತು ನಿಮಿಷ ಓಡಿಸಿ, ಪೇಸ್ಟು ಬೆಚ್ಚಗಾದ ಮೇಲೆ ಆರಿಸಿ, ಕೂಲರನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೆಲ್ಲಗೆ ತಿರುಚಿ ಬಿಡಿಸಿದೆ.

ಈಗ ಹೊಸ ಚಿಪ್ಪು. ನಾಲ್ಕು ಸೆಂಟಿಮೀಟರ್ ಚೌಕ. ಒಳಗೆ ಸಾವಿರ ಕೋಟಿಗೂ ಮಿಕ್ಕಿ ಟ್ರಾನ್ಸಿಸ್ಟರುಗಳಿವೆ ಎಂದರೆ ಭಾವ ನಂಬಲಿಲ್ಲ. ಮಗುಚಿದರೆ ಕೆಳಗೆ ಚಿನ್ನದ ಲೇಪದ ಕಡ್ಡಿಗಳ ಪೈರು, ಸಾಲು ತಪ್ಪದ ನಾಟಿ. ಒಂದು ಮೂಲೆಯಲ್ಲಿ, ಎಳ್ಳಿಗಿಂತ ತುಸು ದೊಡ್ಡದಾಗಿ, ಚಿನ್ನದ ತ್ರಿಕೋನ. ಸಾಕೆಟ್ಟಿನ ಮೂಲೆಯಲ್ಲೂ ಅಂಥದೇ ಒಂದು ಗುರುತು. ಸನ್ನೆ ಎತ್ತಿ, ತ್ರಿಕೋನಕ್ಕೆ ತ್ರಿಕೋನ ಹೊಂದಿಸಿ, ಚಿಪ್ಪನ್ನು ತೂತುಗಳ ಮೇಲೆ ಸುಮ್ಮನೆ ಇಟ್ಟು ಬೆರಳು ಬಿಟ್ಟೆ. ಒತ್ತಲಿಲ್ಲ, ಒತ್ತಬಾರದು. ತನ್ನ ಭಾರಕ್ಕೆ ತಾನೇ, ಸದ್ದಿಲ್ಲದೆ, ಅದು ಇಳಿಯಿತು. ಸನ್ನೆ ಕೆಳಕ್ಕೆ ತಂದಾಗ ಬೆರಳಿಗೆ ಹಿತವಾದ ಒಂದು ಬಿಗಿ, ಅಷ್ಟೇ.

ರ‍್ಯಾಮಿನ ಅಂಚನ್ನು ಬೆಳಕಿಗೆ ಹಿಡಿದು ನೋಡಿ ಒಮ್ಮೆ. ಡಿಡಿಆರ್4ರ ಕೆಳಅಂಚು ನೇರವಲ್ಲ, ನಡುವೆ ತುಸು ಉಬ್ಬಿದೆ. 288 ತುಟಿಗಳೂ ಒಟ್ಟಿಗೇ ತಡೆಯೊಡ್ಡದಿರಲಿ, ಒತ್ತುವ ಹೆಬ್ಬೆರಳಿಗೆ ನೋಯದಿರಲಿ ಎಂದು ಯಾರೋ ಪುಣ್ಯಾತ್ಮರು ಯೋಚಿಸಿದ್ದು. ಎರಡನೇ, ನಾಲ್ಕನೇ ಕಿಂಡಿಗೆ ಒಂದೊಂದು. ಟಕ್. ಟಕ್.

ಸ್ವಿಚ್ ಒತ್ತಿದಾಗ ಪರದೆ ಒಂದೆರಡು ಕ್ಷಣ ಹೆಚ್ಚೇ ಯೋಚಿಸಿತು. ಭಾವ ನನ್ನ ಮುಖ ನೋಡಿದ. ಆಮೇಲೆ ಹೊಸ ಚಿಪ್ಪಿನ ಹೆಸರು ಮೂಡಿತು. ಸಂಜೆಯೊಳಗೆ ವಿಂಡೋಸ್ 11, ನುಡಿ, ಕೋರೆಲ್ ಎಲ್ಲ ಕೂತವು. ಗಣಪತಿ ಚಿತ್ರದ ಲಗ್ನಪತ್ರಿಕೆ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು. ಹಳೇ 2200ಜಿಯನ್ನು ಒರೆಸಿ, ಹೊಸದರ ಪ್ಲಾಸ್ಟಿಕ್ ಗೂಡಿನಲ್ಲೇ ಮಲಗಿಸಿ, ಹಾಸನಕ್ಕೆ ತಂದಿಟ್ಟುಕೊಂಡಿದ್ದೇನೆ. ಎಲ್ಲಾದರೂ ಖಾಲಿ ಎಎಂ4 ಬೋರ್ಡು ಕಂಡರೆ ತಿಳಿಸು ಎಂದು ಅರಕಲಗೂಡಿನ ಗೆಳೆಯನಿಗೆ ಹೇಳಿದ್ದಾಗಿದೆ.