ಡ್ರಮ್ಮಿನ ಮನೆಯಲ್ಲೊಂದು ಕ್ಯಾಮೆರಾ

ಬಂಗಾಳಿ ರಾಕ್ ಎಂದ ಕೂಡಲೇ ಇಲ್ಲಿಯ ಗೆಳೆಯರು ಹೇಳುವ ಹೆಸರು 'ಮೊಹೀನೇರ್ ಘೋಡಾಗುಲಿ'. ಮೊಹೀನನ ಕುದುರೆಗಳು ಎಂದರ್ಥ. ಜೀವನಾನಂದ ದಾಸರ ಕವಿತೆಯಿಂದ ಬಂದ ಹೆಸರು. ಹೌರಾಕ್ಕೆ ಬಂದ ಮೇಲೆ ಲೋಕಲ್ ರೈಲಿನಲ್ಲಿ ಇವರನ್ನೇ ಕೇಳುತ್ತಿರುವ ನನಗೆ ಈಚೆಗೆ ಒಂದು ತಕರಾರು ಹುಟ್ಟಿಕೊಂಡಿದೆ. ಈ ತಂಡದ ಕಥೆ ಹೇಳುವವರು ಗೌತಮ್ ಚಟ್ಟೋಪಾಧ್ಯಾಯರ ಗಿಟಾರು, ನಕ್ಸಲ್ ದಿನಗಳು, ಜೈಲು ಎಂದು ಅಲ್ಲೇ ಸುತ್ತುತ್ತಾರೆ. ಆ ಮನೆಯ ಡ್ರಮ್ಮೂ ಕ್ಯಾಮೆರಾವೂ ಮೂಲೆ ಸೇರುತ್ತವೆ.

ತಂಡ ಕಟ್ಟಿದ್ದು 1975ರಲ್ಲಿ. ಡ್ರಮ್ ಬಾರಿಸುತ್ತಿದ್ದವರು ಗೌತಮರ ತಮ್ಮ ಬಿಶ್ವನಾಥ್, ಎಲ್ಲರ ಬಾಯಲ್ಲಿ ಬಿಶು. 1977, 78, 79ರಲ್ಲಿ ಮೂರು ಪುಟ್ಟ ರೆಕಾರ್ಡುಗಳು ಬಂದವು, ಕೇಳಿದವರು ಕಡಿಮೆ. 1981ಕ್ಕೆ ತಂಡ ಚದುರಿತು. ಬಿಶು ಅಮೆರಿಕದಲ್ಲಿ ಜಾಝ್ ಬೇಸ್ ವಾದಕರಾದರು. ರಂಜನ್ ಘೋಷಾಲ್ ನಮ್ಮ ಬೆಂಗಳೂರಿಗೆ ಬಂದು ರಂಗಭೂಮಿಯಲ್ಲಿ ತೊಡಗಿ, 2020ರಲ್ಲಿ ತೀರಿಕೊಳ್ಳುವ ತನಕ ಅಲ್ಲೇ ಇದ್ದರು. ಗೌತಮ್ ಸಿನಿಮಾ ಹಿಡಿದರು. ಹಾವಾಡಿಗರ ಬದುಕಿನ 'ನಾಗಮೋತಿ' ಅತ್ಯುತ್ತಮ ಬಂಗಾಳಿ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಅವರ ಮಗ ಗೌರವ್ ಮುಂದೆ 'ಲಕ್ಖೀಛಾಡಾ' ತಂಡದ ಡ್ರಮ್ಮರ್ ಆದರು.

ಈ ಸಿನಿಮಾ ವರ್ಷಗಳನ್ನು ಸಂಗೀತದ ಎರಡು ಅವಧಿಗಳ ನಡುವಿನ ಬಿಡುವು ಎನ್ನುವುದು ರೂಢಿ. ನಾನು ಒಪ್ಪುವುದಿಲ್ಲ. 1995ರಲ್ಲಿ ಗೌತಮ್ 'ಆಬಾರ್ ಬೊಛೊರ್ ಕುಡಿ ಪೊರೆ' ತಂದಾಗ ಅದು ತಂಡ 'ಸಂಪಾದಿಸಿದ' ಹಾಡುಗಳ ಸಂಕಲನವಾಗಿತ್ತು. ಹಳಬರು, ಹೊಸ ಹುಡುಗರು ಎಲ್ಲರ ದನಿಗೂ ಅಲ್ಲಿ ಜಾಗವಿತ್ತು. ಯಾರು ಹಾಡಿದರು ಎನ್ನುವುದಕ್ಕಿಂತ ಯಾವುದರ ಪಕ್ಕ ಯಾವುದು ಕೂರಬೇಕು ಎಂಬ ಈ ಯೋಚನೆ ಎಡಿಟಿಂಗ್ ಟೇಬಲ್ಲಿನದು. ಹಾಗೆಂದು ಸಂಕಲನ ಪೂರ್ತಿ ಹದವಾಗಿದೆ ಎನ್ನಲಾರೆ. ಕೆಲವು ಹಾಡುಗಳು ಬೇರೆ ಯಾವುದೋ ರೇಡಿಯೋ ಸ್ಟೇಷನ್ನಿನಿಂದ ತೇಲಿ ಬಂದಂತಿವೆ.

ಅದರಲ್ಲೇ ಇದೆ 'ಪೃಥಿಬೀಟಾ ನಾಕಿ'. ಉಪಗ್ರಹ, ಕೇಬಲ್ಲುಗಳ ಕೈಗೆ ಸಿಕ್ಕಿ ಭೂಮಿ ಟೀವಿ ಡಬ್ಬಿಯಷ್ಟಕ್ಕೆ ಕುಗ್ಗಿತಲ್ಲ ಎಂಬ ಹಾಡು. 2006ರ 'ಗ್ಯಾಂಗ್‌ಸ್ಟರ್'ನಲ್ಲಿ ಇದೇ ಧಾಟಿ 'ಭೀಗಿ ಭೀಗಿ' ಎಂಬ ವಿರಹಗೀತೆಯಾಗಿ, ಅದೇ ಟೀವಿ ಡಬ್ಬಿಯಿಂದ ನಮ್ಮೆಲ್ಲರ ಹಾಸ್ಟೆಲ್ಲು ಸೇರಿತು. ಧಾಟಿ ಉಳಿಯಿತು, ನೋಟ ಹೋಯಿತು. ಮೂಲದ ಹಾಡನ್ನು ಕಟ್ಟಿದ್ದು ಕಿವಿಯಷ್ಟೇ ಅಲ್ಲ, ಕಣ್ಣೂ ಹೌದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇಲ್ಲಿ ರಿಂಗೋ ಸ್ಟಾರ್ ನೆನಪಾಗುತ್ತಾರೆ. ಬೀಟಲ್ಸ್‌ನ ಈ ಡ್ರಮ್ಮರ್ ತೆಗೆದ ಚಿತ್ರಗಳು 2013ರಲ್ಲಿ 'ಫೋಟೋಗ್ರಾಫ್' ಎಂಬ ಪುಸ್ತಕವಾಗಿ ಬಂದವು. 1964ರಲ್ಲಿ ಅಮೆರಿಕಕ್ಕೆ ಹೋದಾಗ ಪಕ್ಕದ ಕಾರಿನಿಂದ ಇಣುಕುತ್ತಿದ್ದ ಹದಿಹರೆಯದವರನ್ನು ಅವರು ಕ್ಲಿಕ್ಕಿಸಿದ್ದರು. ಜಗತ್ತಿನ ಕ್ಯಾಮೆರಾಗಳೆಲ್ಲ ತಮ್ಮತ್ತ ತಿರುಗಿದ್ದಾಗ ಅವರು ತಮ್ಮದನ್ನು ಜನರತ್ತ ತಿರುಗಿಸಿದ್ದರು. ವೇದಿಕೆಯಲ್ಲಿ ಹಿಂದೆ ಕೂರುವ ಡ್ರಮ್ಮರ್‌ಗೆ ಕಾಣುವುದು ಗೆಳೆಯರ ಬೆನ್ನು, ಅದರಾಚೆ ಜನ. ಈ ಚಿತ್ರದಲ್ಲಿ ಆ ಜಾಗದ ನೋಟವಿದೆ. ಆದರೆ ಪುಸ್ತಕದ ಬಹುಪಾಲು ಚಿತ್ರಗಳಿಗೆ ಬೆಲೆ ಬಂದಿರುವುದು ತೆಗೆದವರ ಹೆಸರಿನಿಂದ. 'ನಾಗಮೋತಿ'ಗೆ ಕುದುರೆಗಳ ಖ್ಯಾತಿ ಬೇಕಿರಲಿಲ್ಲ. ಆಗ ಅವರಿಗೆ ಹೇಳಿಕೊಳ್ಳುವಂಥ ಖ್ಯಾತಿಯೇ ಇರಲಿಲ್ಲ.

ಎರಡನೇ ಕಲೆಯನ್ನು ಅಳೆಯಲು ನನಗೆ ಈ ಒಂದೇ ಅಳತೆ ಸಾಕು: ಮೊದಲನೆಯದರ ಹೆಸರು ಅಳಿಸಿದರೂ ಅದು ನಿಲ್ಲುತ್ತದೆಯೇ? ತೇಜಸ್ವಿಯವರ ಹಕ್ಕಿ ಚಿತ್ರಗಳು ನಿಲ್ಲುತ್ತವೆ. ಅವನ್ನು ಕಥೆಗಾರನ ಹವ್ಯಾಸ ಎಂದು ಯಾವ ಕನ್ನಡಿಗನೂ ಪಕ್ಕಕ್ಕೆ ಸರಿಸುವುದಿಲ್ಲ.

ಊರು ಬಿಟ್ಟು ಬಂದ ನಮ್ಮಲ್ಲಿ ಅನೇಕರು ತಬಲವನ್ನೋ ಕ್ಯಾಮೆರಾವನ್ನೋ ಅಟ್ಟದ ಮೇಲಿಟ್ಟು, 'ಅದೆಲ್ಲ ಹಾಬಿ, ರಿಟೈರ್ ಆದ ಮೇಲೆ ನೋಡೋಣ' ಎನ್ನುತ್ತೇವೆ. ಗೌತಮ್ 1999ರ ಜೂನ್‌ನಲ್ಲಿ, ಇನ್ನೂ ಐವತ್ತರ ಆಸುಪಾಸಿನಲ್ಲಿದ್ದಾಗಲೇ ತೀರಿಕೊಂಡರು. 1977ರ ರೆಕಾರ್ಡನ್ನು ಮೊದಲು ಕೇಳಿ, 1995ರದ್ದನ್ನು ಆಮೇಲೆ. ನಡುವಿನ ಹದಿನೆಂಟು ವರ್ಷ ಖಾಲಿ ಕೂತವರ ಹಾಡಲ್ಲ ಅದು.