ಹಂದಿಯನ್ನು ಬಿಡಿ, ರಕ್ತದಿಂದ ಶುರುಮಾಡಿ

ಬೈಬಲಿನ ಯಾಜಕಕಾಂಡದ ಆಹಾರ ನಿಯಮಗಳ ಮಾತೆತ್ತಿದರೆ ಸಾಕು, ಸಭೆಯಲ್ಲಿ ಯಾರಾದರೊಬ್ಬರು ಎದ್ದು, "ಆಗ ಫ್ರಿಜ್ ಇರಲಿಲ್ಲವಲ್ಲ ಸಾರ್, ಹಂದಿಮಾಂಸ ಬೇಗ ಕೆಡುತ್ತಿತ್ತು, ಅದಕ್ಕೇ ಬೇಡ ಅಂದರು" ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಉಳಿದವರು ತಲೆದೂಗುತ್ತಾರೆ. ನನಗೆ ಸಿಟ್ಟು ಬರುತ್ತದೆ. ಫ್ರಿಜ್ ಇಲ್ಲದಿದ್ದರೆ ಕುರಿಮಾಂಸ ಕೆಡುವುದಿಲ್ಲವೆ? ಈ ನಿಯಮಗಳಲ್ಲಿ ವಿಷದ ಸೊಪ್ಪು, ವಿಷದ ಕಾಯಿ ಒಂದರ ಹೆಸರೂ ಇಲ್ಲ. ತಾನಾಗಿ ಸತ್ತ ಪ್ರಾಣಿಯನ್ನು ನೀವು ತಿನ್ನಬೇಡಿ, ಊರಲ್ಲಿರುವ ಪರದೇಶಿಗೆ ಬೇಕಾದರೆ ಕೊಡಿ ಎನ್ನುತ್ತದೆ ಧರ್ಮೋಪದೇಶಕಾಂಡದ 14ನೆಯ ಅಧ್ಯಾಯ. ರೋಗದ ಭಯವಿದ್ದವರು ಹೀಗೆ ಬರೆಯುತ್ತಾರೆಯೆ? 12ನೆಯ ಶತಮಾನದ ಮೈಮೋನಿಡಿಸ್ ಸ್ವತಃ ವೈದ್ಯ, ಮಹಾ ಪಂಡಿತ. ಆತನೂ ಆರೋಗ್ಯದ ಕಾರಣ ಕೊಟ್ಟಿದ್ದಾನೆ. ಕೊಟ್ಟರೂ ನಾನು ಒಪ್ಪಲಾರೆ.

ಹೊಸ ಓದುಗರು ತಿನ್ನಬಹುದಾದ, ತಿನ್ನಬಾರದ ಪ್ರಾಣಿಗಳ ಪಟ್ಟಿಗೆ ಮೊದಲೇ ಕೈಹಾಕಬಾರದು. ರಕ್ತದಿಂದ ಶುರುಮಾಡಬೇಕು.

ನನ್ನ ಕಣ್ಣು ತೆರೆದದ್ದು ಆದಿಕಾಂಡವನ್ನು ಮೊದಲಿನಿಂದ ಬಿಡದೆ ಓದಿದಾಗ. ಸೃಷ್ಟಿಯ ಅಧ್ಯಾಯದಲ್ಲಿ ಮನುಷ್ಯನಿಗೆ ಸಿಕ್ಕ ಆಹಾರ ಕಾಳು ಮತ್ತು ಹಣ್ಣು. ಜಲಪ್ರಳಯ ಇಳಿದ ಮೇಲೆ, 9ನೆಯ ಅಧ್ಯಾಯದಲ್ಲಿ, ನೋಹನಿಗೆ ಮಾಂಸದ ಅಪ್ಪಣೆಯಾಗುತ್ತದೆ. ಜೊತೆಗೇ ರಕ್ತ ತಿನ್ನಬಾರದೆಂಬ ಕಟ್ಟೂ ಬೀಳುತ್ತದೆ, ಪ್ರಾಣವಿರುವುದು ಅದರಲ್ಲೇ ಆದ್ದರಿಂದ. ಅಂದರೆ ಮಾಂಸ ಇಲ್ಲಿ ಹುಟ್ಟಿನಿಂದ ಬಂದ ಹಕ್ಕಲ್ಲ, ತಡವಾಗಿ ಸಿಕ್ಕ ರಿಯಾಯಿತಿ. ಪ್ರಾಣಿಯ ದೇಹ ನಿನಗೆ, ಪ್ರಾಣ ಕೊಟ್ಟವನಿಗೆ. ಯಾಜಕಕಾಂಡಕ್ಕೆ ಮೂರು ಸಂಪುಟಗಳ ಭಾಷ್ಯ ಬರೆದ ಜೇಕಬ್ ಮಿಲ್ಗ್ರಮ್ ಹಿಡಿದ ಎಳೆಯೂ ಇದೇ.

ಈಗ ಯಾಜಕಕಾಂಡದ 17ನೆಯ ಅಧ್ಯಾಯಕ್ಕೆ ಬನ್ನಿ. ಬೇಟೆಗೆ ಹೋದವನು ಪ್ರಾಣಿಯನ್ನೋ ಹಕ್ಕಿಯನ್ನೋ ಹಿಡಿದರೆ ಅದರ ರಕ್ತವನ್ನು ಸುರಿದು ಮಣ್ಣು ಮುಚ್ಚಬೇಕು. ಅಲ್ಲಿ ಯಾಜಕನಿಲ್ಲ, ಬಲಿಪೀಠವಿಲ್ಲ, ನೋಡುವವರೂ ಇಲ್ಲ. ಆದರೂ ಹಸಿದವನು ಬಾಗಿ ಮಣ್ಣು ಎಳೆಯಬೇಕು.

ಇದರ ಬೆನ್ನಿಗೇ 1 ಸಮುವೇಲದ 14ನೆಯ ಅಧ್ಯಾಯ ಓದಿ. ಒಳ್ಳೆಯ ವಾಚಕರೊಬ್ಬರು ಅದನ್ನು ಗಟ್ಟಿಯಾಗಿ ಓದಿದ್ದನ್ನು ಕೇಳಿದ್ದೇನೆ. ಸೈನಿಕರ ಹಸಿವು ಆ ವಾಚಕರ ದನಿಯಲ್ಲೇ ಇತ್ತು. ಸಂಜೆಯವರೆಗೆ ಯಾರೂ ಉಣ್ಣಕೂಡದೆಂದು ಇಸ್ರಾಯೇಲರ ಅರಸ ಸೌಲ ಆಣೆಯಿಟ್ಟಿದ್ದಾನೆ. ಫಿಲಿಷ್ಟಿಯರನ್ನು ಅಟ್ಟಿಸಿಕೊಂಡು ಹೋಗಿ ಬಸವಳಿದ ಸೈನಿಕರು ಕೊಳ್ಳೆಯ ಕುರಿ, ದನಗಳ ಮೇಲೆ ಬಿದ್ದು, ನೆಲದಲ್ಲೇ ಕೊಯ್ದು, ರಕ್ತದ ಸಮೇತ ತಿನ್ನತೊಡಗುತ್ತಾರೆ. ಸುದ್ದಿ ಮುಟ್ಟಿದ ಕೂಡಲೆ ಸೌಲ ದೊಡ್ಡ ಕಲ್ಲೊಂದನ್ನು ಉರುಳಿಸಿ ತರಿಸುತ್ತಾನೆ. ಆ ರಾತ್ರಿ ಪ್ರತಿಯೊಬ್ಬನೂ ತನ್ನ ಎತ್ತನ್ನು ಆ ಕಲ್ಲಿನ ಬಳಿಗೆ ಹೊಡೆದುಕೊಂಡು ಬಂದು ಅಲ್ಲೇ ಕೊಯ್ಯಬೇಕಾಯಿತು. ಯುದ್ಧದ ನಡುವೆಯೂ ಈ ನಿಯಮಕ್ಕೆ ಬಿಡುವಿಲ್ಲ.

ರಕ್ತ ತೆಗೆಯುವುದು ಕೆಲವು ನಿಷ್ಠಾವಂತ ಯೆಹೂದಿ ಮನೆಗಳಲ್ಲಿ ಇಂದಿಗೂ ಅಡುಗೆಯ ಕೆಲಸ. ಮಾಂಸವನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿ, ಹರಳುಪ್ಪು ಹಚ್ಚಿ, ರಕ್ತ ಬಸಿದುಹೋಗಲೆಂದು ಓರೆಯಾಗಿ ಒಂದು ಗಂಟೆ ಇಟ್ಟು, ಮತ್ತೆ ಮತ್ತೆ ತೊಳೆಯುತ್ತಾರೆ. ಪಿತ್ತಜನಕಾಂಗದಲ್ಲಿ ರಕ್ತ ಹೆಚ್ಚು. ಉಪ್ಪು ಸಾಲದು, ಬೆಂಕಿಯ ಮೇಲೆ ಸುಡಬೇಕು. ಕಪ್ಪು ಕವರಿನಲ್ಲಿ ಅರ್ಧ ಕೆಜಿ ಕಟ್ಟಿಸಿಕೊಂಡು ಬರುವ ನಮಗೆ ಕೊಂದ ನೆನಪೇ ಇರುವುದಿಲ್ಲ. ಆ ಅಡುಗೆಮನೆಯಲ್ಲಿ ಮರೆಯಲು ಬಿಡುವುದಿಲ್ಲ.

ಉಳಿದದ್ದು ಬೇಗ ಮುಗಿಯುತ್ತದೆ. ಸೀಳುಗೊರಸು, ಮೆಲಕು, ಮೀನಿನ ರೆಕ್ಕೆ ಮತ್ತು ಪೊರೆಗಳ ಲೆಕ್ಕಕ್ಕೆ ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್ 1966ರಲ್ಲಿ ಬರೆದ ಪುಸ್ತಕ ನೋಡಿ. 1999ರಲ್ಲಿ ಅವರೇ ತಮ್ಮ ವಾದವನ್ನು ತಿದ್ದಿಕೊಂಡರು, ಅದನ್ನೂ ನೋಡಿ. ಪಟ್ಟಿಯಲ್ಲಿ ಹಂದಿಯ ಸಾಲಿಗೇ ಒಂಟೆ, ಮೊಲಗಳೂ ಬರುತ್ತವೆ. ಹಂದಿಗೆ ಈಗಿನ ಖ್ಯಾತಿ ಬಂದದ್ದರಲ್ಲಿ ಯೆಹೂದಿಗಳಿಗೆ ಹಂದಿಮಾಂಸ ತಿನ್ನಿಸಲು ಹೊರಟ ಕ್ರಿ.ಪೂ. 2ನೆಯ ಶತಮಾನದ ದೊರೆ ನಾಲ್ಕನೆಯ ಆಂಟಿಯೋಕಸನ ದಬ್ಬಾಳಿಕೆಯ ಪಾಲು ದೊಡ್ಡದು. ಬೈಬಲ್ ಡಯಟ್ ಎಂದು ತೂಕ ಇಳಿಸಲು ಮಾರುವ ಪುಸ್ತಕಗಳನ್ನು ಮುಟ್ಟಬೇಡಿ.

ಕೊನೆಗೆ ಅಪೊಸ್ತಲರ ಕೃತ್ಯಗಳ 15ನೆಯ ಅಧ್ಯಾಯ ತೆರೆಯಿರಿ. ಕ್ರಿಸ್ತನನ್ನು ನಂಬಿದ ಅನ್ಯಜನರಿಗೆ ಮೋಶೆಯ ನಿಯಮಗಳ ಭಾರ ಎಷ್ಟಿರಬೇಕೆಂದು ಯೆರೂಸಲೇಮಿನಲ್ಲಿ ಚರ್ಚೆ ನಡೆಯುತ್ತದೆ. ಸುನ್ನತಿ ಬೇಡವೆಂದಾಯಿತು. ಹಂದಿಯ ಹೆಸರನ್ನೂ ಎತ್ತಲಿಲ್ಲ. ಅವರಿಗೆ ಕಳಿಸಿದ ಪತ್ರದಲ್ಲಿ ರಕ್ತವನ್ನೂ ಕುತ್ತಿಗೆ ಹಿಸುಕಿ ಕೊಂದದ್ದನ್ನೂ ಬಿಡಿ ಎಂಬ ಮಾತು ಹಾಗೇ ಉಳಿಯಿತು.